ಎಐ ಬಂದ ಮೇಲೆ ನಮ್ಮಂಥ ಸಣ್ಣ ಕನ್ಸಲ್ಟೆನ್ಸಿಗಳು ಉಳಿಯುತ್ತವಾ? ಈ ಲೈನ್‌ನಲ್ಲಿ ಇರುವವರು ಹೇಳಿ

ರಾಜಾಜಿನಗರ ಕನ್ಸಲ್ಟೆನ್ಸಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

2006ರಿಂದ ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಸಣ್ಣ ರಿಕ್ರೂಟ್‌ಮೆಂಟ್ ಕನ್ಸಲ್ಟೆನ್ಸಿ ನಡೆಸುತ್ತಿದ್ದೇನೆ. ನಾನು, ನನ್ನ ಹೆಂಡತಿ, ಏಳು ಜನ ಸ್ಟಾಫ್. ಏಳರಲ್ಲಿ ಐದು ಜನ ಹೆಣ್ಣುಮಕ್ಕಳು. ತುಮಕೂರು, ಚಿತ್ರದುರ್ಗ, ಹಾಸನದ ಕಡೆಯವರು. ಬಿಕಾಂ, ಬಿಬಿಎ ಮುಗಿಸಿ ಮೊದಲ ಕೆಲಸಕ್ಕೆ ನಮ್ಮಲ್ಲಿಗೆ ಬಂದವರು.

ಈ ಲೈನ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕಂಪನಿಗೆ ಜನ ಬೇಕು. ಜೆಡಿ, ಅಂದರೆ ಎಂಥ ಕೆಲಸ, ಎಂಥವರು ಬೇಕು ಅನ್ನುವ ವಿವರ, ನಮಗೆ ಕಳಿಸುತ್ತಾರೆ. ನಾವು ಹುಡುಕಿ, ಫೋನ್ ಮಾಡಿ ಮಾತಾಡಿ, ರೆಸ್ಯೂಮೆ ಕಳಿಸಿ, ಇಂಟರ್‌ವ್ಯೂಗೆ ಲೈನಪ್ ಮಾಡುತ್ತೇವೆ. ಆ ವ್ಯಕ್ತಿ ಕೆಲಸಕ್ಕೆ ಸೇರಿದರೆ ಮಾತ್ರ ನಮಗೆ ದುಡ್ಡು. ಸಾಮಾನ್ಯವಾಗಿ ವರ್ಷದ ಸಿಟಿಸಿಯ, ಅಂದರೆ ಕಂಪನಿ ಆ ವ್ಯಕ್ತಿಗೆ ಕೊಡುವ ಒಟ್ಟು ಸಂಬಳದ, 8.33 ಪರ್ಸೆಂಟ್. ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 90 ದಿನದೊಳಗೆ ಅವರು ಬಿಟ್ಟು ಹೋದರೆ ಇನ್ನೊಬ್ಬರನ್ನು ಪುಕ್ಕಟೆ ಕೊಡಬೇಕು. ಹತ್ತು ಪೊಸಿಷನ್‌ಗೆ ಕೆಲಸ ಮಾಡಿದರೆ ಎರಡೋ ಮೂರೋ ಕೈ ಹಿಡಿಯುತ್ತವೆ. ಉಳಿದದ್ದೆಲ್ಲ ಬಿಟ್ಟಿ ದುಡಿಮೆ.

ಹಿಂದೆ ಪೇಪರ್‌ನಲ್ಲಿ ಜಾಹೀರಾತು ಹಾಕಿ, ಅಂಚೆಯಲ್ಲಿ ಬಂದ ಬಯೋಡೇಟಾಗಳನ್ನು ಫೈಲ್ ಮಾಡುತ್ತಿದ್ದ ಕಾಲ ಇತ್ತು. 1997ರಲ್ಲಿ ಕೆಲಸ ಹುಡುಕುವ ವೆಬ್‌ಸೈಟ್ ನೌಕ್ರಿ ಡಾಟ್ ಕಾಮ್ ಬಂತು. ಇನ್ನು ಕನ್ಸಲ್ಟೆಂಟ್ ಯಾರಿಗೆ ಬೇಕು ಅಂತ ಆಗಲೂ ಜನ ಹೇಳಿದರು. ಹಾಗೇನೂ ಆಗಲಿಲ್ಲ. ನೌಕ್ರಿಯ ಡೇಟಾಬೇಸ್‌ಗೆ ದುಡ್ಡು ಕಟ್ಟಿ ಹುಡುಕುವವರೇ ನಾವಾದೆವು. ಲಿಂಕ್ಡ್‌ಇನ್ ಬಂದಾಗಲೂ ಉಳಿದೆವು.

ಈ ಸಲ ಬೇರೆ ಥರ ಕಾಣುತ್ತಿದೆ. ಹನ್ನೊಂದು ವರ್ಷದಿಂದ ಜೊತೆಗಿದ್ದ ಕ್ಲೈಂಟ್ ಒಬ್ಬರು ಎಐ ಟೂಲ್ ತಗೊಂಡರು. ರೆಸ್ಯೂಮೆ ಹುಡುಕುವುದು, ಮೆಸೇಜ್ ಕಳಿಸುವುದು, ಮೊದಲ ಸುತ್ತಿನ ಪ್ರಶ್ನೆ ಕೇಳುವುದು, ಎಲ್ಲ ಅದೇ ಮಾಡುತ್ತದೆ. ಹೋದ ವರ್ಷ ಅವರಿಂದ 34 ಪೊಸಿಷನ್ ಬಂದಿತ್ತು. ಈ ವರ್ಷ ಇಲ್ಲಿಯವರೆಗೆ ಆರು. ಆ ಆರೂ ಅವರ ಟೂಲ್‌ನಿಂದ ಆಗದೆ ಬಿಟ್ಟವು.

ನನಗೆ ಈಗ 52. ನನ್ನ ಜೀವನ ಹೇಗೋ ನಡೆಯುತ್ತದೆ. ಆದರೆ ಈ ಏಳು ಜನಕ್ಕೆ ಏನು ಹೇಳಲಿ? ಇನ್ನೆರಡು ವರ್ಷಕ್ಕೆ ಆಫೀಸ್ ಬಾಡಿಗೆ ಕರಾರು ಮುಂದುವರಿಸಬೇಕಾ ಬೇಡವಾ ಅನ್ನುವುದನ್ನು ಮುಂದಿನ ತಿಂಗಳು ನಿರ್ಧರಿಸಬೇಕು. ನೇರವಾಗಿ ಹೇಳಿ.


ವೈಟ್‌ಫೀಲ್ಡ್ ಎಚ್ಆರ್:

ಸರ್, ನಾನು ನಿಮ್ಮ ಎದುರು ಕಡೆಯವಳು. ಹದಿನಾಲ್ಕು ವರ್ಷದಿಂದ ಕಂಪನಿಗಳ ಎಚ್ಆರ್‌ನಲ್ಲಿದ್ದೇನೆ. ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಾವು ಏಜೆನ್ಸಿಗಳನ್ನು ಕಡಿಮೆ ಮಾಡಿದ್ದು ಎಐ ಬರುವುದಕ್ಕೆ ಮುಂಚೆಯೇ. ಒಂದೇ ರೆಸ್ಯೂಮೆ ಮೂರು ಏಜೆನ್ಸಿಯಿಂದ ಬರುತ್ತಿತ್ತು. ಮೊದಲು ಕಳಿಸಿದ್ದು ನಾವು, ಕಮಿಷನ್ ನಮಗೆ ಅಂತ ಜಗಳ. ಆ ಹುಡುಗನಿಗೆ ಫೋನ್ ಮಾಡಿದರೆ, ಮೇಡಂ ನನಗೆ ಯಾರೂ ಕಾಲ್ ಮಾಡಿಲ್ಲ ಅನ್ನುತ್ತಿದ್ದ. ಪೋರ್ಟಲ್‌ನಿಂದ ಡೌನ್‌ಲೋಡ್ ಮಾಡಿ ನಮಗೆ ಫಾರ್ವರ್ಡ್ ಮಾಡುವುದಕ್ಕೆ ಒಂದು ತಿಂಗಳ ಸಂಬಳ ಕೊಡಬೇಕಾ? ಎಲ್ಲರೂ ಹಾಗಲ್ಲ. ಆದರೆ ತುಂಬಾ ಜನ ಹಾಗಿದ್ದರು. ಅಂಥ ಏಜೆನ್ಸಿಗಳು ಮುಚ್ಚಿದರೆ ನನಗೆ ದುಃಖ ಇಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ನಮ್ಮ ಕಷ್ಟ ಎಐನಿಂದ ಕಡಿಮೆ ಆಗಿಲ್ಲ, ಜಾಗ ಬದಲಾಗಿದೆ. ಮೊದಲು ಜನ ಸಿಗುತ್ತಿರಲಿಲ್ಲ. ಈಗ ಒಂದು ಜಾವಾ ಡೆವಲಪರ್ ಪೊಸಿಷನ್ ಹಾಕಿದರೆ ಎರಡು ದಿನದಲ್ಲಿ ಸಾವಿರದ ಮೇಲೆ ಅರ್ಜಿ. ಎಲ್ಲವೂ ಒಂದೇ ಕೈಯಲ್ಲಿ ಬರೆದ ಹಾಗೆ. ನಮ್ಮ ಜೆಡಿಯನ್ನೇ ಚಾಟ್‌ಜಿಪಿಟಿಗೆ ಹಾಕಿ ರೆಸ್ಯೂಮೆ ಬರೆಸಿರುತ್ತಾರೆ. ನಮ್ಮ ಟೂಲ್ ಅದನ್ನು ನೋಡಿ 94 ಪರ್ಸೆಂಟ್ ಮ್ಯಾಚ್ ಅನ್ನುತ್ತದೆ. ಅವರ ಮೆಷಿನ್ ಬರೆದದ್ದನ್ನು ನಮ್ಮ ಮೆಷಿನ್ ಮೆಚ್ಚಿಕೊಳ್ಳುತ್ತದೆ. ಮಧ್ಯದಲ್ಲಿ ಮನುಷ್ಯ ಯಾರು ಅನ್ನುವುದೇ ಗೊತ್ತಾಗುವುದಿಲ್ಲ.

ವಿಡಿಯೋ ಇಂಟರ್‌ವ್ಯೂನಲ್ಲಿ ಒಬ್ಬ, ಕೆಲಸಕ್ಕೆ ಬಂದವನು ಇನ್ನೊಬ್ಬ. ಇದು ನಮ್ಮಲ್ಲೇ ಎರಡು ಸಲ ಆಗಿದೆ. ಅಮೆರಿಕದಲ್ಲಿ ಸೈಬರ್ ಭದ್ರತೆಯ ಪಾಠ ಹೇಳುವ ನೋಬಿಫೋರ್ ಅನ್ನುವ ಕಂಪನಿಯೇ 2024ರಲ್ಲಿ ಮೋಸ ಹೋಯಿತು. ನಾಲ್ಕು ವಿಡಿಯೋ ಇಂಟರ್‌ವ್ಯೂ ಮಾಡಿ ಸೇರಿಸಿಕೊಂಡ ಎಂಜಿನಿಯರ್ ಉತ್ತರ ಕೊರಿಯಾದವನು. ಫೋಟೋವನ್ನು ಎಐನಲ್ಲಿ ತಿದ್ದಿದ್ದ. ಅದನ್ನು ಕಂಪನಿಯೇ ಹೊರಗೆ ಹೇಳಿಕೊಂಡಿತು.

ಹಾಗಾದರೆ ಈಗ ನಾನು ಯಾವಾಗ ಏಜೆನ್ಸಿಗೆ ಫೋನ್ ಮಾಡುತ್ತೇನೆ? ಬೇರೆ ಕಡೆ ಕೆಲಸದಲ್ಲಿದ್ದು, ಹೊಸದು ಹುಡುಕದೆ ಸುಮ್ನೆ ಇರುವವರು ಬೇಕಾದಾಗ. ಆಫರ್ ಕೊಟ್ಟ ಮೇಲೆ, ಹಳೆ ಕಂಪನಿ ಬಿಡುವ ಮುಂಚಿನ 90 ದಿನದ ನೋಟಿಸ್ ಪೀರಿಯಡ್ ದಾಟಿಸುವುದಕ್ಕೆ. ನಮ್ಮ ಆಫರ್ ಹಿಡಿದುಕೊಂಡು ಇನ್ನೊಂದು ಕಡೆ ಜಾಸ್ತಿ ಕೇಳುವವರೇ ಹೆಚ್ಚು. ಜಯನಗರದ ಒಬ್ಬರು ಕನ್ಸಲ್ಟೆಂಟ್ ಇದ್ದಾರೆ. ಪ್ರತಿ ಶುಕ್ರವಾರ ಕ್ಯಾಂಡಿಡೇಟ್‌ಗೆ ಫೋನ್ ಮಾಡುತ್ತಾರೆ. ಹೋದ ತಿಂಗಳು ನನಗೆ ಹೇಳಿದರು, ಮೇಡಂ ಇವನು ಬರಲ್ಲ, ಇವನ ಹೆಂಡತಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಎರಡನೆಯವರನ್ನು ಈಗಲೇ ಬಿಡಬೇಡಿ ಅಂತ. ಹಾಗೇ ಆಯಿತು. ಆ ಒಂದು ಮಾತಿಗೆ ನಾನು 8.33 ಖುಷಿಯಿಂದ ಕೊಡುತ್ತೇನೆ.


ನಲವತ್ತೇಳರ ಟೆಸ್ಟರ್:

ಕ್ಯಾಂಡಿಡೇಟ್ ಕಡೆಯಿಂದ ನನ್ನದೂ ಒಂದು.

22 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್. ಹೋದ ವರ್ಷ ಮಾರ್ಚ್‌ನಲ್ಲಿ ಕೆಲಸ ಹೋಯಿತು. ಏಳು ತಿಂಗಳಲ್ಲಿ 200ಕ್ಕೂ ಜಾಸ್ತಿ ಅರ್ಜಿ ಹಾಕಿದೆ. ಒಂದಕ್ಕೆ ರಾತ್ರಿ ಎರಡು ಗಂಟೆಗೆ ಹಾಕಿದ್ದೆ, ನಿದ್ದೆ ಬರುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಮೇಲ್ ಬಂತು. ನಿಮ್ಮ ಪ್ರೊಫೈಲನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ವಿಷಾದಿಸುತ್ತೇವೆ ಅಂತ. ರಾತ್ರಿ ಎರಡು ಗಂಟೆಗೆ ಯಾರು ಕೂತು ಪರಿಶೀಲಿಸಿದರು?

ಆಮೇಲೆ ಇದರ ಬಗ್ಗೆ ಓದುತ್ತಾ ಹೋದೆ. ಅಮೆರಿಕದಲ್ಲಿ ಐಟ್ಯೂಟರ್‌ಗ್ರೂಪ್ ಅನ್ನುವ ಕಂಪನಿಯ ಸಾಫ್ಟ್‌ವೇರ್ 55 ದಾಟಿದ ಹೆಂಗಸರನ್ನು, 60 ದಾಟಿದ ಗಂಡಸರನ್ನು ತಾನಾಗಿಯೇ ತಳ್ಳಿಹಾಕುತ್ತಿತ್ತು. ಹೇಗೆ ಗೊತ್ತಾಯಿತು ಅಂದರೆ, ಒಬ್ಬರು ಅದೇ ಅರ್ಜಿಯನ್ನು ಹುಟ್ಟಿದ ದಿನ ಮಾತ್ರ ಬದಲಿಸಿ ಮತ್ತೆ ಹಾಕಿದರು. ಇಂಟರ್‌ವ್ಯೂಗೆ ಕರೆ ಬಂತು! 2023ರಲ್ಲಿ ಆ ಕಂಪನಿ 3,65,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಇನ್ನೊಂದು ವರ್ಕ್‌ಡೇ ಕೇಸ್. ಅರ್ಜಿಗಳನ್ನು ಸೋಸುವ ಸಾಫ್ಟ್‌ವೇರ್ ಮಾಡುವ ದೊಡ್ಡ ಕಂಪನಿ ಅದು. ನೂರಕ್ಕೂ ಹೆಚ್ಚು ಕಡೆ ತಿರಸ್ಕಾರ ಆಯಿತು ಅಂತ ಒಬ್ಬರು 2023ರಲ್ಲಿ ಕೋರ್ಟಿಗೆ ಹೋದರು. ಕಂಪನಿ ಆರೋಪ ಒಪ್ಪುತ್ತಿಲ್ಲ. ಆದರೆ 2025ರ ಮೇನಲ್ಲಿ, 40 ದಾಟಿದ ಬೇರೆ ಅರ್ಜಿದಾರರೂ ಆ ಕೇಸಿಗೆ ಸೇರಿಕೊಳ್ಳಬಹುದು ಅಂತ ಜಡ್ಜ್ ಹೇಳಿದರು. ನನ್ನ ಗಮನ ಸೆಳೆದದ್ದು ಅದಕ್ಕಿಂತ ಒಂದು ವರ್ಷ ಹಿಂದಿನ ಆದೇಶ. ಕೆಲಸ ಕೊಡುವವರ ಪರವಾಗಿ ಆರಿಸುವ, ಬಿಡುವ ಕೆಲಸ ಮಾಡುತ್ತಿದ್ದರೆ ಸಾಫ್ಟ್‌ವೇರ್ ಕಂಪನಿಯನ್ನೂ ಅವರ ಏಜೆಂಟ್ ಅಂತ ಪರಿಗಣಿಸಬಹುದು ಅಂತ ಕೋರ್ಟ್ ಹೇಳಿತು. ಅಂದರೆ ರಾಜಾಜಿನಗರದ ಸರ್ ಯಾವ ಜವಾಬ್ದಾರಿ ಹೊತ್ತಿದ್ದಾರೋ ಅದನ್ನು ಮೆಷಿನ್ ಮಾಡಿದವರೂ ಹೊರಬೇಕಾಗಬಹುದು.

ನನಗೆ ಕೊನೆಗೆ ಕೆಲಸ ಕೊಡಿಸಿದ್ದು ಒಂದು ಸಣ್ಣ ಏಜೆನ್ಸಿಯ ಹುಡುಗಿ. ಅರ್ಧ ಗಂಟೆ ಮಾತಾಡಿದಳು. ನಾನು ಮೊದಲ ಎಂಟು ವರ್ಷ ಕಾರಿನ ಇಲೆಕ್ಟ್ರಾನಿಕ್ಸ್ ಟೆಸ್ಟಿಂಗ್ ಮಾಡಿದ್ದು ರೆಸ್ಯೂಮೆಯ ಮೂರನೇ ಪುಟದಲ್ಲಿ ಎಲ್ಲೋ ಇತ್ತು. ಸರ್ ಇದನ್ನು ಯಾಕೆ ಮುಚ್ಚಿಟ್ಟಿದ್ದೀರಿ, ಇದನ್ನು ಮೇಲೆ ತನ್ನಿ ಅಂದಳು. ಈಗ ಅದೇ ಕೆಲಸದಲ್ಲಿದ್ದೇನೆ.


ಹೊಸಕೋಟೆ ಮಂಜುಳಕ್ಕ:

ಟೆಸ್ಟರ್ ಅಣ್ಣ ಹೇಳಿದ್ದು ಸರಿ, ಆದರೆ ಮನುಷ್ಯರು ಭೇದ ಮಾಡಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಚೆನ್ನೈ ಹತ್ತಿರದ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆಯಲ್ಲಿ ಮದುವೆಯಾದ ಹೆಂಗಸರನ್ನು ದೂರ ಇಡುತ್ತಾರೆ ಅಂತ 2024ರ ಜೂನ್‌ನಲ್ಲಿ ರಾಯ್ಟರ್ಸ್ ವರದಿ ಮಾಡಿತ್ತು. ಅಲ್ಲಿ ಜನ ಸೇರಿಸುತ್ತಿದ್ದದ್ದು ಏಜೆನ್ಸಿಗಳು. ಯಾವ ಎಐ ಕೂಡ ಇರಲಿಲ್ಲ. ತಾಳಿ ಇದೆಯಾ ಅಂತ ನೋಡುವುದಕ್ಕೆ ಎಐ ಬೇಕಾ? ನನಗೇ ಇಪ್ಪತ್ತು ವರ್ಷದ ಹಿಂದೆ ಒಬ್ಬ ಏಜೆಂಟ್ ಮುಖದ ಮೇಲೆ ಕೇಳಿದ್ದ, ಮಕ್ಕಳು ಮಾಡಿಕೊಳ್ಳುವ ಪ್ಲಾನ್ ಇದೆಯಾ ಅಂತ. ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ.


ಕೋಡ್ ಬರೆಯುವವಳು:

ನಾನು ಇಂಥದ್ದೇ ಒಂದು ಸಾಫ್ಟ್‌ವೇರ್ ಮಾಡುವ ಟೀಮ್‌ನಲ್ಲಿದ್ದೇನೆ. ಒಳಗೆ ಏನಾಗುತ್ತದೆ ಅಂತ ಗೊತ್ತಿರುವಷ್ಟು ಹೇಳುತ್ತೇನೆ.

ಹಳೆಯ ಹುಡುಕಾಟ ಪದಗಳ ಮೇಲೆ ನಡೆಯುತ್ತಿತ್ತು. ಜಾವಾ ಮತ್ತು ಅದರ ಜೊತೆ ಬಳಸುವ ಸ್ಪ್ರಿಂಗ್ ಅನ್ನುವ ಸಾಫ್ಟ್‌ವೇರ್ ಇರಲಿ, ಟ್ರೈನರ್ ಬೇಡ, ಈ ಥರ. ಹೊಸದು ಅರ್ಥ ಹಿಡಿಯುತ್ತದೆ. ರೆಸ್ಯೂಮೆಯನ್ನೂ ಜೆಡಿಯನ್ನೂ ಅಂಕಿಗಳ ಸಾಲಾಗಿ ಬದಲಿಸಿ, ಯಾವುದು ಯಾವುದಕ್ಕೆ ಹತ್ತಿರ ಅಂತ ಲೆಕ್ಕ ಹಾಕುತ್ತದೆ. ಸ್ಪ್ರಿಂಗ್ ಅಂತ ಬರೆಯದಿದ್ದರೂ ಆ ಕೆಲಸ ಮಾಡಿದವರು ಸಿಗುತ್ತಾರೆ. ಲಿಂಕ್ಡ್‌ಇನ್ 2024ರ ಅಕ್ಟೋಬರ್‌ನಲ್ಲಿ ಹೈರಿಂಗ್ ಅಸಿಸ್ಟೆಂಟ್ ತಂದಿತು. ಯಾರು ಬೇಕು ಅಂತ ಮಾಮೂಲಿ ಮಾತಿನಲ್ಲಿ ಹೇಳಿದರೆ ಪಟ್ಟಿ ಮಾಡಿ ಕೊಡುತ್ತದೆ.

ಆದ್ದರಿಂದ ಸರ್, ನೌಕ್ರಿ ಬಂದಾಗ ಉಳಿದೆವು, ಈಗಲೂ ಉಳಿಯುತ್ತೇವೆ ಅನ್ನುವ ಸಮಾಧಾನ ಬೇಡ. ನೌಕ್ರಿ ಕೊಟ್ಟದ್ದು ಡೇಟಾಬೇಸ್. ಅದರಲ್ಲಿ ಹುಡುಕುವುದಕ್ಕೆ ನೀವು ಬೇಕಾಗಿತ್ತು. ಈಗ ಹೋಗುತ್ತಿರುವುದು ಆ ಹುಡುಕಾಟವೇ. ಹುಡುಕಿ ಕೊಡುವುದಕ್ಕೆ ಮಾತ್ರ ದುಡ್ಡು ಕೇಳುವ ಏಜೆನ್ಸಿಗೆ ಇನ್ನು ಮೂರು ವರ್ಷ ಸಿಕ್ಕರೆ ಹೆಚ್ಚು. ಇದು ನನ್ನ ಅಂದಾಜು.

ಆದರೆ ಮೆಷಿನ್‌ಗೆ ಒಂದು ಮೂಲ ತೊಂದರೆ ಇದೆ. ಹಿಂದೆ ಯಾರನ್ನು ಆರಿಸಿದ್ದರು ಅನ್ನುವುದನ್ನು ನೋಡಿ ಅದು ಕಲಿಯುತ್ತದೆ. ಅಮೆಜಾನ್ 2014ರಿಂದ ಇಂಥದ್ದೊಂದನ್ನು ಮಾಡಲು ಹೊರಟಿತ್ತು. ಹತ್ತು ವರ್ಷದ ರೆಸ್ಯೂಮೆಗಳಿಂದ ಕಲಿಸಿದರು. ಅದರಲ್ಲಿ ಗಂಡಸರೇ ಜಾಸ್ತಿ. ರೆಸ್ಯೂಮೆಯಲ್ಲಿ ಮಹಿಳೆಯರ ಚೆಸ್ ಕ್ಲಬ್ ಅಂತೇನಾದರೂ ಇದ್ದರೆ ಅಂಕ ಕಡಿಮೆ ಮಾಡುವುದನ್ನು ಅದು ತಾನೇ ಕಲಿಯಿತು. ಕೊನೆಗೆ ಕೈಬಿಟ್ಟರು. 2018ರಲ್ಲಿ ಸುದ್ದಿಯಾಯಿತು. ಮಂಜುಳಕ್ಕ ಹೇಳಿದ ಏಜೆಂಟ್ ಇಪ್ಪತ್ತು ವರ್ಷ ಆರಿಸಿದ ಪಟ್ಟಿಯನ್ನು ನನಗೆ ಕೊಟ್ಟರೆ, ನನ್ನ ಮಾಡೆಲ್ ಅವನದೇ ಬುದ್ಧಿಯನ್ನು ಕಲಿಯುತ್ತದೆ. ಅವನು ಬಾಯಿಬಿಟ್ಟು ಕೇಳಿದ್ದ, ಇದು ಕೇಳದೆಯೇ ಮಾಡುತ್ತದೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಇನ್ನೊಂದು, ರೆಸ್ಯೂಮೆಯಲ್ಲಿ ಇಲ್ಲದ್ದು ಮೆಷಿನ್‌ಗೆ ಕಾಣುವುದೇ ಇಲ್ಲ. ಹೆಂಡತಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದ್ದು ಯಾವ ಡೇಟಾಬೇಸ್‌ನಲ್ಲೂ ಇಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಇಷ್ಟು ವರ್ಷ ಫೋನ್‌ನಲ್ಲಿ ಮಾತಾಡಿದ್ದನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ ಸರ್?


ರಾಜಾಜಿನಗರ ಕನ್ಸಲ್ಟೆನ್ಸಿ:

ಬರೆದಿಟ್ಟಿದ್ದೇವಮ್ಮ. ಮೊದಲ ಎಂಟು ವರ್ಷ ಉದ್ದನೆಯ ನೋಟ್‌ಬುಕ್‌ಗಳಲ್ಲಿ. ಆಮೇಲೆ ಎಕ್ಸೆಲ್‌ನಲ್ಲಿ. ನನ್ನ ಹೆಂಡತಿಗೆ ಆ ಶಿಸ್ತು ಇದೆ. ಯಾರು ಯಾಕೆ ಕೆಲಸ ಬಿಟ್ಟರು, ಯಾರ ತಾಯಿಗೆ ಡಯಾಲಿಸಿಸ್ ಇದೆ, ಊರು ಬಿಟ್ಟು ಬರಲ್ಲ, ಯಾರು ನೈಟ್ ಶಿಫ್ಟ್ ಒಪ್ಪಲ್ಲ, ಎಲ್ಲ ಇದೆ. ಹದಿನೈದು ಸಾವಿರ ಜನದ್ದಾದರೂ ಇರಬಹುದು. ಇದನ್ನು ಒಂದು ಆಸ್ತಿ ಅಂತ ನಾನು ಯಾವತ್ತೂ ನೋಡಿರಲಿಲ್ಲ.

ವೈಟ್‌ಫೀಲ್ಡ್ ಮೇಡಂ, ನೀವು ಹೇಳಿದ ಫಾರ್ವರ್ಡ್ ಮಾಡುವ ಕೆಲಸ ನಾವೂ ಮಾಡಿದ್ದೇವೆ. ಇಪ್ಪತ್ತು ಪೊಸಿಷನ್ ಒಟ್ಟಿಗೆ ಬಂದಾಗ, ಸಂಜೆಯೊಳಗೆ ಪ್ರೊಫೈಲ್ ಕಳಿಸಿ ಅಂದಾಗ, ಮಾತಾಡದೆ ಕಳಿಸಿದ್ದುಂಟು. ಅದು ತಪ್ಪು.


ಕೋಡ್ ಬರೆಯುವವಳು:

ಸರ್, ಅದು ಆಸ್ತಿಯೂ ಹೌದು, ಅಪಾಯವೂ ಹೌದು. ನಮ್ಮ ದೇಶದ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ 2023ರದ್ದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರುವುದಕ್ಕೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಮಾಹಿತಿ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಆ ವ್ಯಕ್ತಿಗೆ ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, ಅಳಿಸಿ ಅಂದರೆ ಅಳಿಸಬೇಕು. ಕಾಪಾಡದೆ ಸೋರಿಹೋದರೆ ದಂಡ 250 ಕೋಟಿವರೆಗೂ ಹೋಗಬಹುದು. ಒಬ್ಬರ ತಾಯಿಯ ಕಾಯಿಲೆಯ ವಿಷಯವನ್ನು ಯಾವುದೋ ಪುಕ್ಕಟೆ ಎಐ ಟೂಲ್‌ಗೆ ಹಾಕಲೇಬೇಡಿ. ಮೊದಲು ಆ ಜನಕ್ಕೆಲ್ಲ ಒಂದು ಮೆಸೇಜ್ ಕಳಿಸಿ, ಇನ್ನೂ ಸಂಪರ್ಕದಲ್ಲಿರಲು ಇಷ್ಟವಾ ಅಂತ ಕೇಳಿ. ಹೂಂ ಅಂದವರನ್ನು ಮಾತ್ರ ಇಟ್ಟುಕೊಳ್ಳಿ. ಹದಿನೈದು ಸಾವಿರದಲ್ಲಿ ಮೂರು ಸಾವಿರ ಉಳಿದರೂ ಸಾಕು. ಆ ಮೂರು ಸಾವಿರ ಜನ ನಿಮ್ಮನ್ನು ನಂಬಿದವರು.


ಉಡುಪಿ ಬಾಷಾ:

ನಮ್ಮ ಕಡೆಯ ವಿಷಯ ಯಾರೂ ಹೇಳಲಿಲ್ಲ. ಉಡುಪಿ, ಮಂಗಳೂರು, ಭಟ್ಕಳದ ಕಡೆ ಏಜೆನ್ಸಿ ಅಂದರೆ ಗಲ್ಫ್. ನನ್ನ ಮನೆಯಲ್ಲೇ ನಾಲ್ಕು ಜನ ಹೋಗಿದ್ದಾರೆ.

ಅಲ್ಲಿಗೆ ಜನ ಕಳಿಸುವುದಕ್ಕೆ 1983ರ ಎಮಿಗ್ರೇಷನ್ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಯಾರೂ ಕಳಿಸುವಂತಿಲ್ಲ. ಕೆಲಸಗಾರನಿಂದ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ಹತ್ತನೇ ಕ್ಲಾಸ್ ಪಾಸಾಗದವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಏಜೆಂಟ್‌ನ ಲೈಸೆನ್ಸ್ ನಿಜವಾ ಸುಳ್ಳಾ ಅಂತ ಯಾರು ಬೇಕಾದರೂ ನೋಡಬಹುದು. ಇಷ್ಟೆಲ್ಲ ಇದ್ದರೂ ನನ್ನ ಚಿಕ್ಕಪ್ಪನ ಮಗ ಲೈಸೆನ್ಸ್ ಇಲ್ಲದ ಒಬ್ಬನಿಗೆ ಒಂದೂವರೆ ಲಕ್ಷ ಕೊಟ್ಟ. ಸ್ಟೋರ್ ಕೀಪರ್ ಕೆಲಸ ಅಂದಿದ್ದರು. ಅಲ್ಲಿ ಹೋಗಿ ಬಿಸಿಲಲ್ಲಿ ಲೋಡಿಂಗ್ ಮಾಡಿದ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದರು.

ಎಐ ಇದನ್ನು ಸರಿ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರಲ್ಲ. ಸುಳ್ಳು ಆಫರ್ ಲೆಟರ್ ಮಾಡುವುದು ಈಗ ಮತ್ತೂ ಸುಲಭ. ಲೆಟರ್‌ಹೆಡ್, ಸೀಲ್, ಒಳ್ಳೆಯ ಇಂಗ್ಲಿಷ್, ಎಲ್ಲ ಎರಡು ನಿಮಿಷ. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆಸಿ, ಮ್ಯಾನ್ಮಾರ್ ಗಡಿಯೊಳಗೆ ಸಾಗಿಸಿ, ಸೈಬರ್ ಮೋಸದ ಕೆಲಸಕ್ಕೆ ಕೂರಿಸಿದ್ದರಲ್ಲ, ಅವರಲ್ಲಿ 283 ಜನರನ್ನು 2025ರ ಮಾರ್ಚ್‌ನಲ್ಲಿ ಸರ್ಕಾರ ವಾಯುಪಡೆಯ ವಿಮಾನದಲ್ಲಿ ಕರೆತಂದಿತು. ಅವರಿಗೂ ಯಾರೋ ಆಫರ್ ಕೊಟ್ಟಿದ್ದರು ಅಲ್ವಾ?

ದೂರದ ದೇಶಕ್ಕೆ ಹೋಗುವವನಿಗೆ ಬೇಕಾದ್ದು ಊರಲ್ಲಿ ಒಂದು ಬಾಗಿಲು. ಏನಾದರೂ ಆದರೆ ತಾಯಿ ಹೋಗಿ ಆ ಬಾಗಿಲು ತಟ್ಟಬೇಕು, ನನ್ನ ಮಗ ಎಲ್ಲಿ ಅಂತ ಕೇಳಬೇಕು. ಲೈಸೆನ್ಸ್ ಇರುವ ಏಜೆಂಟ್ ಸರ್ಕಾರಕ್ಕೆ ಬ್ಯಾಂಕ್ ಗ್ಯಾರಂಟಿ ಕಟ್ಟಿರುತ್ತಾನೆ. ಮೊಬೈಲ್‌ನಲ್ಲಿ ಬಂದ ಲಿಂಕ್ ಏನು ಕಟ್ಟಿದೆ?


ಮ್ಯೂನಿಕ್ ಕನ್ನಡಿಗ:

ಇಲ್ಲಿಂದ ಒಂದು ಸಣ್ಣ ಸೇರ್ಪಡೆ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್‌ನಲ್ಲಿ ಬಂತು. ಅದರಲ್ಲಿ ಕೆಲಸಕ್ಕೆ ಜನ ಆರಿಸುವ ಎಐಯನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿದ್ದಾರೆ. ಕೆಲಸದ ಜಾಗದಲ್ಲಿ ಮುಖ ನೋಡಿ ಭಾವನೆ ಅಳೆಯುವುದನ್ನು 2025ರ ಫೆಬ್ರವರಿಯಿಂದ ಹೆಚ್ಚುಕಡಿಮೆ ನಿಷೇಧಿಸಿದ್ದಾರೆ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ, ಇಂಥ ಟೂಲ್ ಬಳಸುವವರು ಅದರಲ್ಲಿ ಭೇದ ಇದೆಯಾ ಅಂತ ವರ್ಷಕ್ಕೊಮ್ಮೆ ಹೊರಗಿನವರಿಂದ ಪರೀಕ್ಷೆ ಮಾಡಿಸಬೇಕು, ಅರ್ಜಿದಾರರಿಗೂ ತಿಳಿಸಬೇಕು. ಬೆಂಗಳೂರಿನ ಏಜೆನ್ಸಿಗಳು ಯುರೋಪಿನ ಕಂಪನಿಗಳಿಗೆ ಜನ ಹುಡುಕಿಕೊಡುತ್ತವೆ. ನಾಳೆ ಆ ಕಂಪನಿಗಳು, ಯಾರು ಆರಿಸಿದರು, ಹೇಗೆ ಆರಿಸಿದರು ಅಂತ ಬರವಣಿಗೆಯಲ್ಲಿ ಕೇಳುತ್ತವೆ. ಅದಕ್ಕೆ ತಯಾರಾಗಿರಿ.


ನರಸಾಪುರ ಶಿಫ್ಟ್:

ಕಾರ್ಖಾನೆ ಕಡೆಯ ಏಜೆನ್ಸಿ ಬೇರೆಯೇ ಲೋಕ. ಅಲ್ಲಿ ಏಜೆನ್ಸಿ ಜನರನ್ನು ಹುಡುಕಿ ಕೊಟ್ಟು ಹೋಗಲ್ಲ, ತನ್ನ ರೋಲ್‌ನಲ್ಲೇ, ಅಂದರೆ ತನ್ನ ಸಂಬಳದ ಪಟ್ಟಿಯಲ್ಲೇ, ಇಟ್ಟುಕೊಳ್ಳುತ್ತದೆ. ಸಂಬಳ, ಪಿಎಫ್, ಇಎಸ್‌ಐ, ಬಸ್, ಎಲ್ಲ ಏಜೆನ್ಸಿಯದ್ದು. 2020ರ ಡಿಸೆಂಬರ್ 12ರಂದು ನಮ್ಮ ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲಸಗಾರರ ಗಲಾಟೆ ಆದದ್ದು ಎಲ್ಲರಿಗೂ ನೆನಪಿದೆ. ಹೆಚ್ಚಿನವರು ಏಜೆನ್ಸಿಗಳ ಮೂಲಕ ಸೇರಿದವರು. ಸಂಬಳ ಸರಿಯಾಗಿ ಬರುತ್ತಿಲ್ಲ ಅನ್ನುವ ಸಿಟ್ಟು ಒಡೆಯಿತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಿಕ್ಕಿರಲಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡಿತು.

ಅಲ್ಲಿ ಹಾಜರಿ ಹಾಕುತ್ತಿದ್ದದ್ದೂ ಮೆಷಿನ್ನೇ. ಹಾಜರಿಗೂ ಸಂಬಳಕ್ಕೂ ತಾಳೆ ಆಗದಿದ್ದರೆ ಕೇಳುವುದಕ್ಕೆ ಒಬ್ಬ ಮನುಷ್ಯ ಇರಲಿಲ್ಲ. ಈಗ ವಾಟ್ಸಾಪ್‌ನಲ್ಲಿ ಚಾಟ್‌ಬಾಟ್ ಇಡುತ್ತಿದ್ದಾರೆ. ಪೇಸ್ಲಿಪ್ ಕೇಳಿದರೆ ಕೊಡುತ್ತದೆ, ಒಳ್ಳೆಯದು. ಓಟಿ ಯಾಕೆ ಕಡಿಮೆ ಬಂತು ಅಂತ ಕೇಳಿದರೆ, ನಿಮ್ಮ ಪ್ರಶ್ನೆಯನ್ನು ನೋಂದಾಯಿಸಲಾಗಿದೆ ಅನ್ನುತ್ತದೆ. ಹುಡುಗರು ನನ್ನ ಹತ್ತಿರ ಬರುತ್ತಾರೆ. ನಾನು ಲೈನ್ ಸೂಪರ್‌ವೈಸರ್, ನನ್ನ ಕೈಯಲ್ಲಿ ಏನೂ ಇಲ್ಲ. 2025ರ ನವೆಂಬರ್‌ನಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಎಷ್ಟು ಜನಕ್ಕೆ ಸಿಕ್ಕಿದೆ ಅಂತ ನೋಡುತ್ತಿದ್ದೇನೆ.


ದುರ್ಗದ ಹುಡುಗಿ:

ನಾನು ರಾಜಾಜಿನಗರದ ಸರ್ ಆಫೀಸಿನವಳಲ್ಲ, ಆದರೆ ಅವರು ಹೇಳಿದ ಥರದವಳೇ. ಚಿತ್ರದುರ್ಗದವಳು. ಬಿಕಾಂ. ಎರಡು ವರ್ಷದಿಂದ ಒಂದು ಏಜೆನ್ಸಿಯಲ್ಲಿ ಸೋರ್ಸಿಂಗ್, ಅಂದರೆ ಕ್ಯಾಂಡಿಡೇಟ್ ಹುಡುಕಿ ಫೋನ್ ಮಾಡುವ ಕೆಲಸ. ಸಂಬಳ 19,000. ದಿನಕ್ಕೆ 70 ಕಾಲ್, ಆರು ಲೈನಪ್ ಟಾರ್ಗೆಟ್.

ಎಲ್ಲರೂ ಈ ಕೆಲಸ ಮೆಷಿನ್ ಮಾಡುತ್ತದೆ ಅನ್ನುತ್ತಿದ್ದೀರಿ. ನಮ್ಮ ಆಫೀಸಿನಲ್ಲಿ ಜೂನ್‌ನಿಂದ ಒಂದು ಎಐ ವಾಯ್ಸ್ ಬಂದಿದೆ. ಅದೇ ಮೊದಲ ಕಾಲ್ ಮಾಡುತ್ತದೆ. ನೋಟಿಸ್ ಪೀರಿಯಡ್ ಎಷ್ಟು, ಈಗಿನ ಸಂಬಳ ಎಷ್ಟು, ಎಷ್ಟು ನಿರೀಕ್ಷೆ, ಅಷ್ಟೇ. ಹನ್ನೆರಡು ಜನ ಇದ್ದೆವು, ಈಗ ಐದು ಜನ.

ನನಗೆ ಒಂದು ವಿಷಯ ಹೇಳಬೇಕು. ಆ 70 ಕಾಲ್‌ಗಳಲ್ಲೇ ನಾನು ಈ ಕೆಲಸ ಕಲಿತದ್ದು. ಮೊದಲ ಆರು ತಿಂಗಳು ನನಗೆ ಪೈಥಾನ್ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ಗೊತ್ತಾಯಿತು. ಯಾರು ಆಫರ್ ತಗೊಂಡು ಬರಲ್ಲ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ. ಜಾಯಿನಿಂಗ್ ಡೇಟ್ ಕೇಳಿದಾಗ ಒಂದು ಕ್ಷಣ ತಡೆಯುತ್ತಾರೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ವೈಟ್‌ಫೀಲ್ಡ್ ಅಕ್ಕ ಹೇಳಿದ ಜಯನಗರದವರೂ ಯಾವತ್ತೋ ಒಂದು ದಿನ 70 ಕಾಲ್ ಮಾಡಿಯೇ ಅಲ್ಲಿಗೆ ಬಂದಿರುತ್ತಾರೆ. ಮೊದಲ ಮೆಟ್ಟಿಲು ತೆಗೆದುಬಿಟ್ಟರೆ ನಾವು ಮೇಲೆ ಹತ್ತುವುದು ಹೇಗೆ?

ದಾವಣಗೆರೆ, ಹಾವೇರಿ ಕಡೆಯ ಹುಡುಗರು ಇಂಗ್ಲಿಷ್ ಕಾಲ್ ಬಂದರೆ ಬಿಗಿಯಾಗಿ ಕೂತುಬಿಡುತ್ತಾರೆ. ಎಸ್ ಮ್ಯಾಮ್, ನೋ ಮ್ಯಾಮ್ ಅಷ್ಟೇ. ಕನ್ನಡದಲ್ಲಿ ಮಾತಾಡಿದ ತಕ್ಷಣ ಎಲ್ಲ ಹೇಳುತ್ತಾರೆ. ಒಬ್ಬ ಹುಡುಗನಿಗೆ ಆ ಎಐ ಮೂರು ಸಲ ಕಾಲ್ ಮಾಡಿ, ಆಸಕ್ತಿ ಇಲ್ಲ ಅಂತ ಮಾರ್ಕ್ ಮಾಡಿತ್ತು. ನಾನು ಮಾಡಿದಾಗ ಅವರ ಅಮ್ಮ ಫೋನ್ ತಗೊಂಡರು. ಅವನು ಹೊಲದಲ್ಲಿ ಇದ್ದಾನೆ, ಫೋನ್ ಮನೆಯಲ್ಲಿ ಬಿಟ್ಟು ಹೋಗಿದ್ದಾನೆ, ಸಂಜೆ ಮಾಡಮ್ಮ ಅಂದರು. ಸಂಜೆ ಮಾಡಿದೆ. ಅವನು ಈಗ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ ಮಾಡುತ್ತಿದ್ದಾನೆ.


ರಾಜಾಜಿನಗರ ಕನ್ಸಲ್ಟೆನ್ಸಿ:

ನೋಡಮ್ಮ, ನಿನ್ನ ಪೋಸ್ಟ್ ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ. ಇವತ್ತು ಮಧ್ಯಾಹ್ನ ಸ್ಟಾಫ್ ಜೊತೆ ಕೂತು ಮಾತಾಡಿದೆವು.

ನಾನು ಅಂದುಕೊಂಡಿರುವುದು ಇಷ್ಟು. ಸಾಫ್ಟ್‌ವೇರ್‌ನಲ್ಲಿ ಎಲ್ಲರ ಹಿಂದೆ ಓಡುವುದನ್ನು ಬಿಡುತ್ತೇನೆ. ರೆಸ್ಯೂಮೆ ಹುಡುಕುವುದಕ್ಕೆ ನಾವೂ ಒಂದು ಟೂಲ್ ತಗೊಳ್ಳುತ್ತೇವೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮಾತಾಡದೆ ಒಂದೂ ಪ್ರೊಫೈಲ್ ಹೊರಗೆ ಹೋಗಬಾರದು ಅಂತ ಇವತ್ತಿನಿಂದ ನಿಯಮ. ಕ್ಲೈಂಟ್‌ಗೆ ಮೂರೇ ಹೆಸರು ಕಳಿಸುವುದು. ಪ್ರತಿಯೊಬ್ಬರನ್ನೂ ಆಫೀಸಿಗೆ ಕರೆಸಿ ಅಥವಾ ನಾವೇ ಹೋಗಿ ಮುಖ ನೋಡಿ, ಗುರುತು ಚೀಟಿ ನೋಡಿ, ಇವರೇ ಅವರು ಅಂತ ನಮ್ಮ ಸಹಿ ಹಾಕಿ ಕೊಡುವುದು. 90 ದಿನದ ಬದಲು 180 ದಿನದ ಗ್ಯಾರಂಟಿ. ಅದಕ್ಕೆ 8.33 ಅಲ್ಲ, 10 ಕೇಳುತ್ತೇನೆ, ಅರ್ಧ ಸೇರಿದಾಗ, ಅರ್ಧ ಆರು ತಿಂಗಳ ಮೇಲೆ. ಕ್ಲೈಂಟ್‌ಗಳು ಒಪ್ಪುತ್ತಾರಾ ಮೇಡಂ?


ವೈಟ್‌ಫೀಲ್ಡ್ ಎಚ್ಆರ್:

ಪ್ರೊಕ್ಯೂರ್‌ಮೆಂಟ್‌ನವರು, ಅಂದರೆ ಕಂಪನಿಯ ಖರೀದಿ ವಿಭಾಗದವರು, 10 ಅಂದರೆ ಮೊದಲು ಬೇಡ ಅನ್ನುತ್ತಾರೆ. ಅರ್ಧ ಆರು ತಿಂಗಳ ಮೇಲೆ ಅಂದರೆ ಕೇಳುತ್ತಾರೆ. ಎಲ್ಲ ಪೊಸಿಷನ್‌ಗೂ ಹೋಗಬೇಡಿ. ಖಾಲಿ ಬಿದ್ದರೆ ದಿನಾ ನಷ್ಟ ಆಗುವಂಥ ಹತ್ತು ಪೊಸಿಷನ್ ಹಿಡಿಯಿರಿ. ಆದರೆ ಸರ್, ಇದರಲ್ಲಿ ಏಳು ಜನಕ್ಕೆ ಕೆಲಸ ಸಾಕಾಗಲ್ಲ. ಅದನ್ನು ಸ್ಟಾಫ್‌ಗೆ ಈಗಲೇ ಹೇಳಿ. ಕೊನೆ ತಿಂಗಳಲ್ಲಿ ಹೇಳಬೇಡಿ.


ರಾಜಾಜಿನಗರ ಕನ್ಸಲ್ಟೆನ್ಸಿ:

ಹೇಳಿದೆ ಮೇಡಂ. ಇಬ್ಬರಿಗೆ ಕ್ಲೈಂಟ್‌ಗಳ ಎಚ್ಆರ್‌ನಲ್ಲೇ ಜಾಗ ಹುಡುಕುತ್ತಿದ್ದೇನೆ. ಇಷ್ಟು ವರ್ಷ ಬೇರೆಯವರಿಗೆ ಹುಡುಕಿದ್ದೇನೆ, ನಮ್ಮ ಮಕ್ಕಳಿಗೆ ಹುಡುಕದಿದ್ದರೆ ಹೇಗೆ. ಬಾಡಿಗೆ ಕರಾರು ಎರಡು ವರ್ಷಕ್ಕೆ ಅಲ್ಲ, ಒಂದು ವರ್ಷಕ್ಕೆ ಮಾಡಿಸುತ್ತೇನೆ.


ಹುಬ್ಬಳ್ಳಿ ಮಷೀನ್ ಶಾಪ್:

ಸರ್, ನಮಸ್ಕಾರ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮಷೀನ್ ಶಾಪ್ ಇಟ್ಟುಕೊಂಡಿದ್ದೇನೆ. ವಾಲ್ವ್‌ಗಳ ಬಿಡಿಭಾಗ ಮಾಡುತ್ತೇವೆ. ಎಲ್ಲ ಓದಿದೆ. ನೀವೆಲ್ಲ ಸಾವಿರ ಅರ್ಜಿ ಬರುತ್ತವೆ ಅನ್ನುತ್ತೀರಿ. ನನಗೆ ಇಬ್ಬರು ವಿಎಂಸಿ ಸೆಟ್ಟರ್, ಅಂದರೆ ಕಂಪ್ಯೂಟರ್‌ನಿಂದ ಲೋಹ ಕೊರೆಯುವ ಮಷೀನನ್ನು ಕೆಲಸಕ್ಕೆ ಸಜ್ಜು ಮಾಡುವವರು, ಬೇಕು ಅಂತ ನಾಲ್ಕು ತಿಂಗಳಿಂದ ಹುಡುಕುತ್ತಿದ್ದೇನೆ. ಒಂದು ಮಷೀನ್ ಸುಮ್ನೆ ನಿಂತಿದೆ. ಬ್ಯಾಂಕ್ ಕಂತು ಮಾತ್ರ ನಿಂತಿಲ್ಲ. ಈ ಕೆಲಸ ಬರುವ ಹುಡುಗರು ಲಿಂಕ್ಡ್‌ಇನ್‌ನಲ್ಲಿ ಇಲ್ಲ. ಅವರ ಹತ್ತಿರ ರೆಸ್ಯೂಮೆಯೂ ಇಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಒಂದು ಬಯೋಡೇಟಾ ಮಾಡಿಸಿರುತ್ತಾರೆ, ಅದೂ ಐದು ವರ್ಷದ ಹಿಂದಿನದು. ನಿಮ್ಮ ಎಐಗೆ ಅವರು ಕಾಣಲ್ಲ. ಒಂದು ತಿಂಗಳ ಸಂಬಳ ಕೊಡುತ್ತೇನೆ. ಆರು ತಿಂಗಳು ನಿಲ್ಲಬೇಕು. ಈ ಕಡೆ ಕೆಲಸ ಮಾಡುತ್ತೀರಾ?


ರಾಜಾಜಿನಗರ ಕನ್ಸಲ್ಟೆನ್ಸಿ:

ಹುಬ್ಬಳ್ಳಿಯಲ್ಲಿ ಇದುವರೆಗೆ ಮಾಡಿಲ್ಲ ಸರ್, ಆದರೆ ಪೀಣ್ಯದ ಶಾಪ್‌ಗಳಿಗೆ ಹತ್ತು ವರ್ಷ ಸೆಟ್ಟರ್‌ಗಳನ್ನು ಕೊಟ್ಟಿದ್ದೇವೆ. ನಮ್ಮ ಪಟ್ಟಿಯಲ್ಲಿ ಧಾರವಾಡ, ಗದಗದ ಕಡೆಯಿಂದ ಪೀಣ್ಯಕ್ಕೆ ಬಂದವರು ಇದ್ದಾರೆ. ಮದುವೆಯಾಗಿ ಊರ ಕಡೆ ಹೋಗಬೇಕು ಅಂತ ಹೇಳಿದವರನ್ನು ನನ್ನ ಹೆಂಡತಿ ಗುರುತು ಹಾಕಿಟ್ಟಿದ್ದಾಳೆ. ಮೊದಲು ಇಷ್ಟು ಹೇಳಿ. ಮಷೀನ್ ನಡೆಸುವ ಕಂಟ್ರೋಲರ್ ಫ್ಯಾನುಕ್‌ ಇದೆಯಾ ಸೀಮೆನ್ಸ್‌ ಇದೆಯಾ? ಪ್ರೋಗ್ರಾಮ್ ಅವರೇ ಬರೆಯಬೇಕಾ, ಎಡಿಟ್ ಮಾಡಿದರೆ ಸಾಕಾ? ಕೈಗೆ ಎಷ್ಟು ಬರುತ್ತದೆ, ಓಟಿ ಬೇರೆನಾ? ರಾತ್ರಿ ಶಿಫ್ಟ್ ಇದೆಯಾ? ಹಿಂದಿನವರು ಯಾಕೆ ಬಿಟ್ಟರು? ಕೊನೆಯದಕ್ಕೆ ದಯವಿಟ್ಟು ನಿಜ ಹೇಳಿ.


ಹುಬ್ಬಳ್ಳಿ ಮಷೀನ್ ಶಾಪ್:

ಫ್ಯಾನುಕ್. ಎಡಿಟ್ ಮಾಡಿದರೆ ಸಾಕು. ಕೈಗೆ 24,000, ಓಟಿ ಬೇರೆ. ವಾರ ಬಿಟ್ಟು ವಾರ ರಾತ್ರಿ ಶಿಫ್ಟ್. ಹಿಂದಿನವನು ಬಿಟ್ಟಿದ್ದು ನನ್ನ ತಪ್ಪಿನಿಂದ. ಅವನ ತಂಗಿ ಮದುವೆಗೆ ಎಂಟು ದಿನ ರಜೆ ಕೇಳಿದ, ಆರ್ಡರ್ ಇದೆ ಅಂತ ಮೂರೇ ದಿನ ಕೊಟ್ಟೆ. ವಾಪಸ್ ಬರಲಿಲ್ಲ.


ರಾಜಾಜಿನಗರ ಕನ್ಸಲ್ಟೆನ್ಸಿ:

ಅವನ ನಂಬರ್ ಇನ್ನೂ ಇದೆಯಾ ಸರ್? ಮೊದಲ ಫೋನ್ ಅವನಿಗೇ ಮಾಡುತ್ತೇನೆ. ಅವನು ವಾಪಸ್ ಬಂದರೆ ಅದಕ್ಕೆ ನನಗೆ ಕಮಿಷನ್ ಬೇಡ. ಇನ್ನೊಬ್ಬರನ್ನು ಹುಡುಕೋಣ.


ದುರ್ಗದ ಹುಡುಗಿ:

ಸರ್, ನಮ್ಮ ದೊಡ್ಡಮ್ಮನ ಮಗ ಹರಿಹರದ ಜಿಟಿಟಿಸಿ ಅನ್ನುವ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರದಲ್ಲಿ ಡಿಪ್ಲೊಮಾ ಮಾಡಿದ್ದಾನೆ. ಈಗ ಬೊಮ್ಮಸಂದ್ರದಲ್ಲಿ ವಿಎಂಸಿ ಮೇಲೆಯೇ ಇದ್ದಾನೆ, ಫ್ಯಾನುಕ್ ಗೊತ್ತು. ರಾಣೆಬೆನ್ನೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ ಅಂತ ಊರ ಕಡೆ ಕೆಲಸ ನೋಡುತ್ತಿದ್ದಾನೆ. ಅವನನ್ನು ಕೇಳಿ ರಾತ್ರಿ ಒಂಬತ್ತರ ಮೇಲೆ ನಿಮಗೆ ಮೆಸೇಜ್ ಮಾಡುತ್ತೇನೆ. ಈಗ ಶಿಫ್ಟ್‌ನಲ್ಲಿದ್ದಾನೆ, ಫೋನ್ ಲಾಕರ್‌ನಲ್ಲಿ ಇರುತ್ತದೆ.